ಕೂಸಿನ ಹೊಟ್ಟೆನೋವೂ ಹಿರಿಯರ ಅವಸರವೂ

ಸಾಹಿತ್ಯಕ್ಕೆ ಮೀಸಲಾದ ಈ ಮಾಸಪತ್ರಿಕೆಯಲ್ಲಿ ಕೂಸಿನ ಹೊಟ್ಟೆನೋವಿನ ಮಾತೇಕೆಂದು ಕೆಲವರು ವಾಚಕರು ಹುಬ್ಬುಗಂಟಿಕ್ಕಬಹುದು. ಅಣ್ಣಿಗೇರಿಯಲ್ಲಿ ವಾಸಿಸುವ ನಿವೃತ್ತ ಮಾಸ್ತರನೊಬ್ಬನಿಗೆ ಪಂಪಕವಿಯ ವಿಷಯವಾಗಿಯೋ ಅಮೃತೇಶ್ವರನ ಗುಡಿಯ ಶಿಲ್ಪದ ವಿಷಯವಾಗಿಯೋ ಬರೆಯಲು ಬೇಕಾದಷ್ಟು ಸಾಮಗ್ರಿಯಿರಲು, ಅದೆಲ್ಲವನ್ನು ಬಿಟ್ಟು ಅವನು ತೊಟ್ಟಿಲ ಬುಡದಲ್ಲಿ ಬಂದು ಕುಳಿತದ್ದು ವಿಚಿತ್ರವೆನಿಸುವದು ಸಹಜವೇ. ಆದರೆ ವಾಚಕ ಮಹಾಶಯರೇ, ಓದುಬಲ್ಲ ಮನೆಯ ಓದಿಗೆ ನಿಜವಾದ ಪರೀಕ್ಷೆಯು ವಿದ್ವತ್ಸಭೆಯಲ್ಲಿ ಆಗುವದಿಲ್ಲ. ನಲವತ್ತು ದಿವಸದ ಕೂಸು ದೀಪ ಹಚ್ಚುವ ಹೊತ್ತಿಗೆ ಅಳಹತ್ತಿ ಮೂರು ತಾಸಾದರೂ ನಿಲ್ಲಿಸದಿರುವಾಗ ಆಗುವದು. ಆ ಹೊತ್ತಿನಲ್ಲಿ ನಮ್ಮ ಶಾಸ್ತ್ರವೂ ತರ್ಕವೂ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಓಣಿಯಲ್ಲಿ ಯಾರು ಏನು ಹೇಳಿದರೂ ಅದೇ ವೇದವಾಕ್ಯವಾಗಿಬಿಡುವದು.

ಈ ಪರೀಕ್ಷೆಗೆ ನನ್ನ ಮನೆಯು ಮೂರು ಸಲ ಕುಳಿತಿದೆ. ಮೊದಲನೆಯ ಸಲ ಕೂಸು ನಾನೇ ಆಗಿದ್ದೆನು. ಎರಡನೆಯ ಸಲ ಕೂಸಿನ ತಂದೆ. ಮೂರನೆಯ ಸಲ ಅಜ್ಜ. ಮೊದಲೆರಡು ಸಲ ನಾವು ತಪ್ಪಿದೆವು. ಎರಡನೆಯ ತಪ್ಪು ನನ್ನ ಸ್ವಂತದ್ದು, ಅದೂ ನಾನು ಕಲಿತ ಸಂಸ್ಕೃತದ ಮೂಲಕವಾಗಿಯೇ ಆದದ್ದು. ಅದನ್ನು ಬಹುಕಾಲ ಯಾರಿಗೂ ಹೇಳಲಿಲ್ಲ. ಅರವತ್ತು ದಾಟಿದ ಮೇಲೆ ಮುಚ್ಚಿಟ್ಟುಕೊಳ್ಳುವದರಲ್ಲಿ ಅರ್ಥವಿಲ್ಲವೆಂದು ತಿಳಿದು, ಮೂರನ್ನೂ ಇಲ್ಲಿ ನಿವೇದಿಸುವೆನು.

ಹೋದ ವರ್ಷ ದೀಪಾವಳಿಯ ಮುಂದೆ ನನ್ನ ಮಗಳು ಬಾಣಂತನಕ್ಕೆಂದು ತವರಿಗೆ ಬಂದಳು. ಮದುವೆಯಾಗಿ ಆರು ವರ್ಷಗಳ ಮೇಲೆ ಹುಟ್ಟಿದ ಗಂಡು ಕೂಸು. ಆದದ್ದರಿಂದ ಮನೆಯಲ್ಲಿ ಸಂತೋಷವೆಷ್ಟೋ ಅಂಜಿಕೆಯೂ ಅಷ್ಟೇ ಇತ್ತು. ಅಟ್ಟದ ಮೇಲಿದ್ದ ಕಲಘಟಗಿಯ ಬಣ್ಣದ ತೊಟ್ಟಿಲನ್ನು ಇಳಿಸಿ, ಒರೆಸಿ, ನಡುಮನೆಯ ತೊಲೆಗೆ ಕಟ್ಟಿದೆವು. ಅರಗಿನ ಬಣ್ಣದಲ್ಲಿ ಬರೆದ ರಾಮಾಯಣದ ಚಿತ್ರಗಳು ಅದರ ಹಲಿಗೆಗಳ ಮೇಲೆ ಇನ್ನೂ ಮಾಸಿಲ್ಲ. ಆ ತೊಟ್ಟಿಲಲ್ಲಿಯೇ ನಾನು ಮಲಗಿದ್ದೆನು. ನನ್ನ ಮಗಳೂ ಮಲಗಿದ್ದಳು. ಮೊದಲ ಮೂರು ವಾರ ಕೂಸು ಉಂಡು ಮಲಗುವದರ ಹೊರತು ಬೇರೆ ಕೆಲಸವನ್ನು ಅರಿಯದು. ನಾಲ್ಕನೆಯ ವಾರದಿಂದ ಸಂಜೆಯ ಅಳು ಮೊದಲಾಯಿತು. ಮೋರೆಯನ್ನು ಕೆಂಪಗೆ ಮಾಡಿ, ಮುಷ್ಟಿ ಬಿಗಿದು, ಮೊಣಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡು ಕೂಸು ಚೀರಹತ್ತಿದರೆ ರಾತ್ರಿ ಒಂಬತ್ತರ ವರೆಗೆ ಬಿಡುವಿಲ್ಲ. ಒಂಬತ್ತರ ನಂತರ ಏನೂ ಆಗಲಿಲ್ಲವೆಂಬಂತೆ ಹಾಲು ಕುಡಿದು ಮಲಗುವದು. ಮರುದಿನ ಅದೇ ಹೊತ್ತಿಗೆ ಮತ್ತೆ ಅದೇ ಕಥೆ.

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಕೂಸಿಗೆ ಎರೆಯಲು ಬರುವ ಮುದುಕಿಯು "ನೆದರ ಬಡದೈತಿ, ಮತ್ತೇನಿಲ್ಲ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಪಕ್ಕದ ಮನೆಯಾಕೆಯು ಗ್ರೈಪ್ ವಾಟರಿನ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ನಮ್ಮ ಮನೆಯಾಕೆಯು ತನ್ನ ಅತ್ತೆಯಿಂದ ಬಂದ ಸಾಣೆಕಲ್ಲನ್ನು ತೊಳೆದಿಟ್ಟು, ಬಜೆ, ಅಳಲೆಕಾಯಿ, ಎಡಮುರಿ, ಜಾಜಿಕಾಯಿ, ಒಣಶುಂಠಿ ಇವುಗಳನ್ನು ತಟ್ಟೆಯಲ್ಲಿ ಹೊಂದಿಸಿ, ಗುಟ್ಟಿ ತೇಯಲು ಸಿದ್ಧಳಾದಳು. ಕಡೆಗೆ ದೂರದ ನಂಟಸ್ತಿಕೆಯ ಹಿರಿಯಳೊಬ್ಬಳು ಕೂಸಿನ ಹೊಟ್ಟೆಯನ್ನು ಮುಟ್ಟಿ ನೋಡಿ, "ಮಾಸ್ತರ್ರ, ಇದಕ್ಕ ಗುಟ್ಟಿಗಿಟ್ಟಿ ಸಾಕಾಗೂದಿಲ್ಲ. ಹೊಕ್ಕಳದ ಸುತ್ತ ನಾಲ್ಕ ಚುಟಿಗಿ ಹಾಕಿಸ್ರಿ. ಮುಂಜಾನಿಗೆ ಕೂಸು ನಗತೈತಿ" ಎಂದಳು.

ನಾನು ಉತ್ತರ ಕೊಡಲಿಲ್ಲ. ಎದ್ದು ಅಂಗಿಯನ್ನು ಮೇಲೆತ್ತಿ, ಅಷ್ಟು ಜನರ ಮುಂದೆ ನನ್ನ ಹೊಟ್ಟೆಯನ್ನು ತೋರಿಸಿದೆನು. ನನ್ನ ಹೊಕ್ಕಳದ ಸುತ್ತಲೂ ಬಟಾಣಿಯಷ್ಟು ಗಾತ್ರದ ನಾಲ್ಕು ಸುಟ್ಟ ಕಲೆಗಳಿರುವವು. ಅವು 1959ನೆಯ ಇಸವಿಯವು. ಆಗ ನನಗೆ ಎರಡು ತಿಂಗಳು. ನನ್ನ ಅವ್ವನು ಹೇಳುತ್ತಿದ್ದ ಪ್ರಕಾರ ನಾನೂ ಹೀಗೆಯೇ ಸಂಜೆಗೊಮ್ಮೆ ಅಳುತ್ತಿದ್ದೆನಂತೆ. ನವಲಗುಂದ ತಾಲೂಕಿನ ನಮ್ಮ ಹಳ್ಳಿಯಲ್ಲಿ ಚುಟಿಗೆ ಹಾಕುವ ಮುದುಕಿಯೊಬ್ಬಳಿದ್ದಳು. ಅವಳು ಅರಿಷಿಣದ ಕೊಂಬನ್ನು ದೀಪದಲ್ಲಿ ಕೆಂಡವಾಗಿಸಿ ನಾಲ್ಕು ಕಡೆ ಒತ್ತಿದಳು. ಒಂದು ಗಾಯವು ಕೀವಾಗಿ, ಜ್ವರ ಬಂದು, ಹದಿನೈದು ದಿವಸ ನಾನು ಬದುಕುವ ಆಸೆಯಿದ್ದಿಲ್ಲವಂತೆ. ಸಂಜೆಯ ಅಳು ಮಾತ್ರ ಮೂರು ತಿಂಗಳು ತುಂಬುವ ವರೆಗೂ ಇದ್ದೇ ಇತ್ತು. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು" ಎಂಬ ಗಾದೆಯನ್ನು ನಾನು ಮೂವತ್ತೈದು ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಪ್ರತಿಸಲವೂ ನನ್ನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಗುತ್ತಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಚುಟಿಗೆಯನ್ನು ಸಮರ್ಥಿಸುವವರು "ಇದು ನಮ್ಮ ಹಿಂದಿನವರ ಶಾಸ್ತ್ರ" ಎನ್ನುವದುಂಟು. ಶಾಸ್ತ್ರವೇನು ಹೇಳುವದೆಂಬದನ್ನು ಅವರು ತೆಗೆದು ನೋಡಿದವರಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಹನ್ನೆರಡನೆಯ ಅಧ್ಯಾಯವು ಅಗ್ನಿಕರ್ಮವನ್ನು ಕುರಿತದ್ದು. ಯಾರಿಗೆ ಸುಡಬಾರದೆಂಬ ಪಟ್ಟಿಯನ್ನು ಅಲ್ಲಿ ಸ್ಪಷ್ಟವಾಗಿ ಕೊಟ್ಟಿದೆ: ಪಿತ್ತಪ್ರಕೃತಿಯವರು, ದುರ್ಬಲರು, ವೃದ್ಧರು, ಅಂಜುಬುರುಕರು, ಅವರ ಸಾಲಿನಲ್ಲಿಯೇ ಬಾಲರೂ ಇರುವರು. ಅಂದ ಮೇಲೆ ನನ್ನ ಹೊಟ್ಟೆಯ ಮೇಲಿನ ನಾಲ್ಕು ಕಲೆಗಳು ಶಾಸ್ತ್ರದ ಮುದ್ರೆಗಳಲ್ಲ. ಶಾಸ್ತ್ರವನ್ನು ಮೀರಿದ್ದರ ಸಾಕ್ಷಿಗಳು. ಹಿರಿಯಳು ಸುಮ್ಮನೆ ಎದ್ದುಹೋದಳು. ನನ್ನ ಮಗಳು ಕೂಸನ್ನು ಎದೆಗೆ ಅವಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಮೂವತ್ತು ವರ್ಷಗಳಿಂದ ನನ್ನ ಜೊತೆಯಲ್ಲಿದ್ದವಳಿಗೆ ಆ ಕಲೆಗಳ ಕಥೆಯು ಗೊತ್ತಿದ್ದಿಲ್ಲ.

ಇನ್ನು ಉಳಿದವು ಸಾಣೆಕಲ್ಲು ಮತ್ತು ಬಾಟಲಿ. ಇವೆರಡರ ಮೇಲೆ ನನಗೆ ಸಿಟ್ಟಿಲ್ಲ. ಇವು ಪ್ರೀತಿಯಿಂದ ಹುಟ್ಟಿದವುಗಳು. ಆದರೂ ವಿಚಾರಿಸಬೇಕಾದದ್ದುಂಟು. ಗ್ರೈಪ್ ವಾಟರು ಇಂಗ್ಲಂಡದ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ವುಡ್‌ವರ್ಡ ಎಂಬ ಔಷಧವ್ಯಾಪಾರಿಯು 1851ರಲ್ಲಿ ತಯಾರಿಸಿದ್ದು. ಸಬ್ಬಸಿಗೆಯ ಬೀಜದ ಎಣ್ಣೆ, ಅಡಿಗೆ ಸೋಡಾ, ಸಕ್ಕರೆ, ಇವುಗಳ ಜೊತೆಗೆ ಮದ್ಯಸಾರವೂ ಅದರಲ್ಲಿತ್ತು. ನಮ್ಮ ಹೊಲದ ಬದುವಿನ ಸಬ್ಬಸಿಗೆಯು ಸಮುದ್ರದಾಚೆಯಿಂದ ಬಾಟಲಿಯಲ್ಲಿ ಬಂದು ನಮಗೇ ಮಾರಲ್ಪಟ್ಟಿತು! ಅಳುವ ಕೂಸು ಸುಮ್ಮನಾಗುತ್ತಿದ್ದುದರಲ್ಲಿ ಸಬ್ಬಸಿಗೆಯ ಪಾಲೆಷ್ಟು, ಮದ್ಯದ ಪಾಲೆಷ್ಟು ಎಂಬದನ್ನು ವಾಚಕರೇ ಊಹಿಸಬಹುದು. ಬ್ರಿಟನ್ನಿನಲ್ಲಿ 1992ರಲ್ಲಿ ಅದರೊಳಗಿನ ಮದ್ಯವನ್ನು ತೆಗೆದುಹಾಕಿದರು. ಅಮೇರಿಕೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಾರುತ್ತಿದ್ದ, ಮಿಸೆಸ್ ವಿನ್ಸ್ಲೋ ಎಂಬ ಹೆಸರಿನ ಶಾಂತಿಪಾನಕದಲ್ಲಿ ಅಫುವಿನ ಸತ್ವವಾದ ಮಾರ್ಫೀನು ಇತ್ತು. ಮುಂಬಯಿಯ ಗಿರಣಿಗಳಿಗೆ ಕೂಲಿಗೆ ಹೋಗುತ್ತಿದ್ದ ತಾಯಂದಿರು ಕೂಸುಗಳಿಗೆ ಅಫು ಕೂಡಿದ ಬಾಲಗೋಲಿಯನ್ನು ತಿನ್ನಿಸಿ ಮಲಗಿಸಿ ಹೋಗುತ್ತಿದ್ದರು. ದೇಶ ಯಾವದೇ ಇರಲಿ, ಕೂಸನ್ನು ಸುಮ್ಮನಾಗಿಸುವದು ಒಂದು, ಅದರ ನೋವನ್ನು ಕಳೆಯುವದು ಇನ್ನೊಂದು ಎಂಬ ಭೇದವನ್ನು ಹಿರಿಯರ ಅಂಜಿಕೆಯು ಮರೆಸಿಬಿಡುವದು.

ಗುಟ್ಟಿಯ ಮಾತೂ ಹಾಗೆಯೇ. ಜಾಜಿಕಾಯಿಯು ಮಿತಿ ಮೀರಿದರೆ ಮಂಪರು ತರುವದೆಂದು ನಮ್ಮ ಆಯಿಯಂಥವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಒಂದು ಸುತ್ತು ಹೆಚ್ಚು ತೇಯುತ್ತಿದ್ದರು. ಕಲ್ಲಿನ ಮೇಲೆ ಎಷ್ಟು ಸುತ್ತು ತೇಯ್ದರೆ ಎಷ್ಟು ಮದ್ದಾಯಿತೆಂಬದಕ್ಕೆ ತೂಕವಿಲ್ಲ. ತೇಯುವ ನೀರಿಗೆ ಶುದ್ಧಿಯ ಖಾತ್ರಿಯಿಲ್ಲ. ಮೊದಲ ಆರು ತಿಂಗಳು ತಾಯಿಯ ಹಾಲಿನ ಹೊರತು ಒಂದು ಹನಿ ನೀರೂ ಬೇಡವೆಂಬದು ಇಂದಿನ ವೈದ್ಯರ ಏಕಕಂಠದ ಮಾತು. ಜೇನುತುಪ್ಪದ ವಿಷಯದಲ್ಲಿ ನಮ್ಮ ಗ್ರಂಥಗಳನ್ನೂ ಮೀರಿ ನಡೆಯಬೇಕಾಗಿದೆ. ಹುಟ್ಟಿದ ಕೂಸಿಗೆ ಜೇನು ತುಪ್ಪ ನೆಕ್ಕಿಸಬೇಕೆಂದು ಸುಶ್ರುತನು ಹೇಳಿರುವನು. ಆದರೆ ಜೇನಿನಲ್ಲಿ ಅಡಗಿರಬಹುದಾದ ಒಂದು ಸೂಕ್ಷ್ಮಜೀವಿಯ ಬೀಜಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷವನ್ನು ಉಂಟುಮಾಡಿ ಮೈಯನ್ನೆಲ್ಲ ಸಡಿಲಗೊಳಿಸುವ ರೋಗವನ್ನು 1976ರಲ್ಲಿ ಗುರುತಿಸಿದರು. ಅಂದಿನಿಂದ ಒಂದು ವರ್ಷ ತುಂಬುವ ವರೆಗೆ ಜೇನು ನಿಷಿದ್ಧ. ಸತ್ಯವು ತಿಳಿದ ಮೇಲೆ ಹಳೆಯ ಮಾತನ್ನು ಬಿಡುವದರಲ್ಲಿ ಹಿರಿಯರಿಗೆ ಅಪಮಾನವಿಲ್ಲ.

ಹಾಗಾದರೆ ಶಾಸ್ತ್ರದಿಂದ ಕಲಿಯತಕ್ಕದ್ದು ಏನೂ ಇಲ್ಲವೋ? ಬಹಳ ಇದೆ. ಆ ರಾತ್ರಿ ನಾನು ಕಪಾಟಿನಿಂದ ಕಾಶ್ಯಪ ಸಂಹಿತೆಯನ್ನು ಇಳಿಸಿದೆನು. ಬಾಲಚಿಕಿತ್ಸೆಯನ್ನೇ ಪ್ರಧಾನವಾಗಿ ಹೇಳುವ ಈ ಗ್ರಂಥವು ನೇಪಾಳದಲ್ಲಿ ದೊರೆತ ತಾಳೆಯೋಲೆಯ ಪ್ರತಿಯಿಂದ 1938ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು. ಓಲೆಗಳು ಅಲ್ಲಲ್ಲಿ ಮುರಿದುಹೋದದ್ದರಿಂದ ಗ್ರಂಥವು ಅಪೂರ್ಣವಾಗಿಯೇ ಉಳಿದಿದೆ. ಅದರಲ್ಲಿ ವೇದನಾಧ್ಯಾಯವೆಂಬದೊಂದು ಇರುವದು. ಮಾತಾಡಲು ಬಾರದ ಕೂಸಿನ ನೋವನ್ನು ವೈದ್ಯನು ಹ್ಯಾಗೆ ಅರಿಯಬೇಕೆಂದು ಶಿಷ್ಯನು ಕೇಳುವನು. ಗುರುವು ಒಂದು ಮದ್ದಿನ ಹೆಸರನ್ನೂ ಹೇಳದೆ, ಕೂಸನ್ನು ನೋಡುವ ಬಗೆಯನ್ನು ಹೇಳಿಕೊಡುವನು: ತಲೆ ನೋಯುವ ಕೂಸು ತಲೆಯನ್ನು ಅತ್ತಿತ್ತ ಹೊರಳಿಸುವದು, ಕಿವಿ ನೋಯುವ ಕೂಸು ಕೈಯಿಂದ ಕಿವಿಯನ್ನು ಮುಟ್ಟಿಕೊಳ್ಳುವದು, ಹೊಟ್ಟೆಶೂಲೆಯ ಕೂಸು ಮೊಲೆಯನ್ನು ಬಿಟ್ಟು ಅಳುವದು, ಅದರ ಹೊಟ್ಟೆ ಬಿಗಿಯುವದು, ಮೋರೆ ಬೆವರುವದು. ಮೊದಲು ನೋಟ, ಆಮೇಲೆ ಔಷಧ. ಪಾಠಶಾಲೆಯಲ್ಲಿ ಈ ಅಧ್ಯಾಯವನ್ನು ಓದಿದಾಗ ನನಗೆ ವ್ಯಾಕರಣವಷ್ಟೇ ಕಂಡಿತ್ತು. ಈಗ ಕೂಸು ಕಂಡಿತು.

ಎರಡು ದಿವಸ ನಾನು ಕೂಸನ್ನು ನೋಡುವದನ್ನೇ ಕೆಲಸವಾಗಿ ಮಾಡಿಕೊಂಡೆನು. ಅಳು ನಿಂತೊಡನೆ ಹಾಲನ್ನು ಆಸೆಯಿಂದ ಕುಡಿಯುವದು. ಹೊಟ್ಟೆಯು ಮೆತ್ತಗಿರುವದು. ಮೈ ಬೆಚ್ಚಗಿದ್ದರೂ ಜ್ವರವಿಲ್ಲ. ಹಾಲನ್ನು ಸ್ವಲ್ಪ ಕಕ್ಕುವದು, ಆದರೆ ಮೊಸರಿನಂಥ ಬಿಳಿಯ ಕಕ್ಕು, ಕಕ್ಕಿ ನಗುವದು. ಇದನ್ನೆಲ್ಲ ಬರೆದುಕೊಂಡು ಮೂರನೆಯ ದಿವಸ ಹುಬ್ಬಳ್ಳಿಯ ಮಕ್ಕಳ ವೈದ್ಯರಲ್ಲಿಗೆ ಹೋದೆವು. ಅವರು ತೂಕ ಮಾಡಿದರು: ಹುಟ್ಟಿದಾಗ 2.9 ಕಿಲೋ ಇದ್ದದ್ದು ನಲವತ್ತೆರಡನೆಯ ದಿವಸಕ್ಕೆ 4 ಕಿಲೋ ಆಗಿತ್ತು. ದಿನಕ್ಕೆ 25ರಿಂದ 30 ಗ್ರಾಮಿನಂತೆ ಏರುತ್ತಿರುವ ಕೂಸಿಗೆ ರೋಗವಿದೆಯೆಂದು ಹ್ಯಾಗೆ ಹೇಳಲಿ ಎಂದು ನಕ್ಕರು. ಹೀಗೆ ದಿನಕ್ಕೆ ಮೂರು ತಾಸು, ವಾರಕ್ಕೆ ಮೂರು ದಿವಸ, ಮೂರು ವಾರಗಳಿಗೆ ಮಿಕ್ಕಿ ಅಳುವದನ್ನು 1954ರಲ್ಲಿ ವೆಸೆಲ್ ಎಂಬ ಅಮೇರಿಕನ್ ವೈದ್ಯರು ಲಕ್ಷಣಬದ್ಧವಾಗಿ ವರ್ಣಿಸಿದರೆಂದೂ, ಆರನೆಯ ವಾರದ ಸುಮಾರಿಗೆ ಇದು ಶಿಖರಕ್ಕೇರಿ ಮೂರು ನಾಲ್ಕು ತಿಂಗಳೊಳಗೆ ತಾನಾಗಿ ಇಳಿಯುವದೆಂದೂ, ಇದರ ಕಾರಣವು ವೈದ್ಯಲೋಕಕ್ಕೇ ಪೂರ್ತಿಯಾಗಿ ತಿಳಿದಿಲ್ಲವೆಂದೂ ಹೇಳಿದರು. ಔಷಧವೇನೆಂದು ಕೇಳಲು, "ತೋಳು ಬದಲಿಸುವದೇ ಔಷಧ, ತಾಯಿಗೆ ದಣಿವಾದಾಗ ಅಜ್ಜನು ಎತ್ತಿಕೊಳ್ಳಬೇಕು" ಎಂದರು.

ಆ ಬಳಿಕ ಅವರು ಬರಿ ಒಂದು ಪ್ರಶ್ನೆಯನ್ನು ಕೇಳಿದರು: "ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ಯುವದು?" ಏಳೆಂಟು ಸಲವೆಂದು ಮಗಳು ಹೇಳಿದಳು. ನಮ್ಮ ಮನೆಯಾಕೆಯು ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಯಾಕಂದರೆ ಈ ಪ್ರಶ್ನೆಯನ್ನು ಅವಳು ಮೊದಲೊಮ್ಮೆ ಕೇಳಿದ್ದಳು. ಆಗ ಅವಳ ಹತ್ತರ ಉತ್ತರವಿದ್ದಿಲ್ಲ.

ಅದು 1992ರ ಮೇ ತಿಂಗಳು. ನಾನು ನವಲಗುಂದ ತಾಲೂಕಿನ ಎರೆಭೂಮಿಯ ಹಳ್ಳಿಯೊಂದರಲ್ಲಿ ಮಾಸ್ತರನಾಗಿದ್ದೆನು. ಆ ಸೀಮೆಯ ಭಾವಿಗಳ ನೀರು ಸವಳು. ಕುಡಿಯಲಿಕ್ಕೆ ಕೆರೆಯೇ ಗತಿ. ಬೇಸಿಗೆಯ ಕೊನೆಗೆ ಕೆರೆಯ ತಳದ ನೀರು ಕೆಸರಿನಂತಾಗುವದು. ನನ್ನ ಮಗಳಿಗೆ ಆಗ ಎಂಟು ತಿಂಗಳು. ಹಾಲಿನ ಜೊತೆಗೆ ಗಂಜಿಯನ್ನು ಕುಡಿಯುತ್ತಿದ್ದಳು. ಒಂದು ದಿವಸ ಬೆಳಗಿನಿಂದ ನೀರಿನಂಥ ಭೇದಿ ಸುರುವಾಯಿತು. ಕುಡಿಸಿದಷ್ಟೂ ಹೊರಗೆ ಹೋಗುವದನ್ನು ಕಂಡು ನಮ್ಮ ಅವ್ವನು, "ಹೊಟ್ಟಿಗಿ ಏನೂ ಹಾಕಬ್ಯಾಡ್ರಿ, ಹಾಕಿದಷ್ಟೂ ಹರೀತಾವು" ಎಂದಳು. ಮನೆಯಾಕೆಯು ನನ್ನ ಮೋರೆಯನ್ನು ನೋಡಿದಳು. ನಾನು ಪಂಡಿತನು! "ಲಂಘನಂ ಪರಮೌಷಧಂ" ಎಂದು ಗಂಭೀರವಾಗಿ ನುಡಿದು ಶಾಲೆಗೆ ಹೋದೆನು. ಒಂದೂವರೆ ದಿವಸ ಆ ಕೂಸಿಗೆ ಮೊಲೆ ಕೊಡಲಿಲ್ಲ, ನೀರೂ ಕೊಡಲಿಲ್ಲ.

ಮರುದಿನ ಸಂಜೆಗೆ ನಾನು ಬಂದು ನೋಡುವಷ್ಟರಲ್ಲಿ ಕೂಸು ಅಳುತ್ತಿರಲಿಲ್ಲ. ಅಳು ನಿಂತಿದೆಯೆಂದು ನಾವು ಸಂತೋಷಪಟ್ಟೆವು. ಅಷ್ಟು ಕುರುಡರು ನಾವು. ಬಾಯಿ ತೆರೆಯುವದು, ಸ್ವರವಿಲ್ಲ, ಕಣ್ಣು ಒಳಗೆ ಸೇರಿದ್ದವು, ನೀರಿಲ್ಲ, ನೆತ್ತಿಯು ಕುಳಿಬಿದ್ದಿತ್ತು, ಹೊಟ್ಟೆಯ ತೊಗಲನ್ನು ಚಿವುಟಿದರೆ ಚಿವುಟಿದ ಹಾಗೆಯೇ ನಿಲ್ಲುತ್ತಿತ್ತು. ಟ್ರ್ಯಾಕ್ಟರಿನಲ್ಲಿ ಹತ್ತಿರದ ಆರೋಗ್ಯಕೇಂದ್ರಕ್ಕೆ ಹೋದೆವು. ವೈದ್ಯರು ಊರಲ್ಲಿರಲಿಲ್ಲ, ನರ್ಸಬಾಯಿಯೊಬ್ಬರಿದ್ದರು. "ಉಚ್ಚಿ ಯಾವಾಗ ಹೊಯ್ದಿತ್ತು?" ಎಂದು ಅವರು ಕೇಳಿದರು. ಯಾರಿಗೂ ನೆನಪಿರಲಿಲ್ಲ. ನಾನು ಲಂಘನದ ಮಾತನ್ನು ಹೇಳಲು, ಅವರು ನನ್ನನ್ನು ಒಂದು ಕ್ಷಣ ನೋಡಿ, "ಮಾಸ್ತರ್ರ, ಸಾಲ್ಯಾಗ ಗಿಡಾ ಹಚ್ಚೀರಲ್ಲ? ಒಣಗೂ ಗಿಡಕ್ಕ ನೀರ ಬಂದ್ ಮಾಡತೀರೇನು?" ಎಂದರು. ಅಷ್ಟೇ ಅವರು ಬೈದದ್ದು. ಒಂದು ಪೊಟ್ಟಣವನ್ನು ಒಡೆದು, ಕುದಿಸಿ ಆರಿಸಿದ ಒಂದು ಲೀಟರು ನೀರಿನಲ್ಲಿ ಕದಡಿ, ಚಮಚವನ್ನು ಮನೆಯಾಕೆಯ ಕೈಗೆ ಕೊಟ್ಟರು. ಕೂಸಿನ ತೂಕದ ಕಿಲೋ ಒಂದಕ್ಕೆ 75 ಮಿಲಿಲೀಟರಿನಂತೆ ನಾಲ್ಕು ತಾಸಿನೊಳಗೆ ಹೊಟ್ಟೆಗೆ ಹೋಗಬೇಕು. ಆರೂವರೆ ಕಿಲೋದ ಕೂಸಿಗೆ ಹತ್ತಿರ ಹತ್ತಿರ ಅರ್ಧ ಲೀಟರು. ವಾಂತಿಯಾದರೆ ಹತ್ತು ಮಿನಿಟು ತಡೆದು ಮತ್ತೆ ನಿಧಾನವಾಗಿ ಚಮಚ. ರಾತ್ರಿ ಎರಡು ಗಂಟೆಯ ಸುಮಾರಿಗೆ ನನ್ನ ತೊಡೆಯು ಬೆಚ್ಚಗೆ ಒದ್ದೆಯಾಯಿತು. ಅಂಥ ಪುಣ್ಯತೀರ್ಥವನ್ನು ನಾನು ಕಾಶಿಯಲ್ಲಿಯೂ ಕಾಣಲಿಲ್ಲ.

ಆ ಪೊಟ್ಟಣದ ಇತಿಹಾಸವನ್ನು ನಾನು ಆಮೇಲೆ ಓದಿ ತಿಳಿದೆನು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಲದ ಬನಗಾಂವದಲ್ಲಿ ವಾಂತಿಭೇದಿಗೆ ತುತ್ತಾಗಿ ಬಿದ್ದಿರಲು, ರಕ್ತನಾಳಕ್ಕೆ ಏರಿಸುವ ಸಲಾಯಿನು ತೀರುತ್ತ ಬಂದಾಗ, ಡಾಕ್ಟರ ದಿಲೀಪ ಮಹಾಲನಬೀಸರು ಉಪ್ಪು, ಅಡಿಗೆ ಸೋಡಾ ಮತ್ತು ಗ್ಲುಕೋಜನ್ನು ನೀರಿನಲ್ಲಿ ಕದಡಿ, ರೋಗಿಗಳ ಬಳಗದವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತಲೂ ಕೆಳಗೆ ಇಳಿಯಿತು. ಕರುಳು ಸೋರುತ್ತಿರುವಾಗಲೂ ಸಕ್ಕರೆಯ ಕೈಹಿಡಿದು ಉಪ್ಪು ಒಳಸೇರುವದು, ಉಪ್ಪಿನ ಹಿಂದೆ ನೀರು ಸೇರುವದು. ಇದೇ ಅದರ ಮರ್ಮ. ಮಹಾಲನಬೀಸರು 2022ರಲ್ಲಿ ತೀರಿಕೊಂಡರು. ಮರುವರ್ಷ ಸರಕಾರವು ಅವರಿಗೆ ಮರಣೋತ್ತರ ಪದ್ಮವಿಭೂಷಣವನ್ನಿತ್ತಿತು. ನಮ್ಮ ಮನೆಯಲ್ಲಿ ಅವರ ಬಿರುದು ತೊಟ್ಟಿಲ ಹತ್ತಿರ ಕುಳಿತಿದೆ.

ನನ್ನ ಲಂಘನದ ಗತಿಯೇನಾಯಿತೆಂದು ವಾಚಕರು ಕೇಳಬಹುದು. ಆ ವರ್ಷವೇ ಪುಸ್ತಕ ತೆಗೆದು ನೋಡಿದೆನು. ಲಂಘನವನ್ನು ವೈದ್ಯಗ್ರಂಥಗಳು ಮುಖ್ಯವಾಗಿ ಹೊಸ ಜ್ವರದ ಮೊದಲಿಗೆ ಹೇಳುವವು. ಬಾಲರಿಗೆ, ವೃದ್ಧರಿಗೆ, ಗರ್ಭಿಣಿಯರಿಗೆ, ದುರ್ಬಲರಿಗೆ ಅದು ಸಲ್ಲದೆಂದು ಒಡನೆಯೇ ತಡೆಯುವವು. ನನಗೆ ಬಾಯಿಪಾಠವಿದ್ದದ್ದು ನಾಲ್ಕು ಜನ ಆಡುವ ಗಾದೆ. ನನ್ನ ಮಗಳಿಗೆ ಬೇಕಾಗಿದ್ದದ್ದು ಗ್ರಂಥದ ತಡೆ. ಏನೂ ಓದದ ಮುದುಕಿಯು ನನ್ನ ಹೊಟ್ಟೆಯನ್ನು ಸುಟ್ಟಳು. ಓದಿದ ನಾನು ನನ್ನ ಕೂಸನ್ನು ಒಣಗಿಸಿದೆನು. ಬೇಡದಿದ್ದಲ್ಲಿ ಮಾಡಿದ್ದು ಒಂದು ತಪ್ಪು. ಬೇಕಾದಲ್ಲಿ ತಡೆದದ್ದು ಇನ್ನೊಂದು. ಎರಡಕ್ಕೂ ಮೂಲ ಒಂದೇ: ನಾವು ನಮ್ಮ ಅಂಜಿಕೆಯನ್ನು ನೋಡಿಕೊಂಡೆವು, ಕೂಸನ್ನು ನೋಡಲಿಲ್ಲ.

ಆದದ್ದರಿಂದ ಬಾಣಂತಿಯಿರುವ ಮನೆಗಳ ಉಪಯೋಗಕ್ಕಾಗಿ, ನಾನು ವೈದ್ಯನಲ್ಲದಿದ್ದರೂ ವೈದ್ಯರಿಂದ ಕೇಳಿ ತಿಳಿದದ್ದನ್ನು ಇಷ್ಟು ಹೇಳುವೆನು. ಕೂಸು ಅಳುವಾಗ ಅದನ್ನು ಹೆಗಲಿಗೆ ನೆಟ್ಟಗೆ ಆನಿಸಿಕೊಂಡು ಬೆನ್ನನ್ನು ಮೆಲ್ಲಗೆ ತಟ್ಟಬೇಕು. ಹಾಲಿನ ಜೊತೆಗೆ ನುಂಗಿದ ಗಾಳಿಯು ತೇಗಾಗಿ ಹೊರಬೀಳುವದು. ಉಣಿಸಿದ ಮೇಲೆ ಸ್ವಲ್ಪ ಹೊತ್ತು ನೆಟ್ಟಗೆ ಹಿಡಿದರೆ ಕಕ್ಕುವದು ಕಡಿಮೆಯಾಗುವದು. ಅನ್ನನಾಳದ ಬಾಗಿಲು ಇನ್ನೂ ಬಲಿತಿಲ್ಲವಾದ್ದರಿಂದ ಕಕ್ಕುವದು, ವರ್ಷ ತುಂಬುವಷ್ಟರಲ್ಲಿ ನಿಲ್ಲುವದು. ಎರಡು ಕಾಲುಗಳನ್ನು ಹಿಡಿದು ಸೈಕಲ್ಲು ತುಳಿದಂತೆ ಆಡಿಸುವದು, ಬೆಚ್ಚಗಿನ ನೀರು ಎರೆಯುವದು, ದೀಪವನ್ನು ಸಣ್ಣದು ಮಾಡಿ ತೊಟ್ಟಿಲು ತೂಗುವದು, ಇವೆಲ್ಲ ಒಳ್ಳೆಯವು. ತಾಯಿಯ ಹಾಲನ್ನೇ ಕುಡಿಯುವ ಕೂಸು ದಿನಕ್ಕೆ ಏಳು ಸಲ ಹೇತರೂ ರೋಗವಲ್ಲ. ಒಂದೂವರೆ ತಿಂಗಳ ಮೇಲೆ ವಾರಕ್ಕೊಮ್ಮೆ ಮೆತ್ತಗೆ ಹೇತರೂ ಮಲಬದ್ಧತೆಯಲ್ಲ. ಮುಕ್ಕುವದನ್ನು ಕಂಡು ಎಲೆಯ ತೊಟ್ಟನ್ನೋ ಸಾಬೂನಿನ ಚೂರನ್ನೋ ಹಾಕಬಾರದು. ಮುಕ್ಕಲು ಕಲಿಯುವದು ಕೂಸಿನ ಮೊದಲನೆಯ ಪಾಠ.

ಆದರೆ ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬಿ ಬಿಗಿದರೆ, ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ, ಹಾಲನ್ನು ಒಲ್ಲೆನೆಂದರೆ, ಆರೆಂಟು ತಾಸು ಉಚ್ಚೆಯಿಲ್ಲದಿದ್ದರೆ, ನೆತ್ತಿ ಕುಳಿಬಿದ್ದರೆ, ಕೂಸು ಎಬ್ಬಿಸಿದರೂ ಏಳದಿದ್ದರೆ, ಆ ಕ್ಷಣವೇ ದವಾಖಾನೆಗೆ ಹೋಗಬೇಕು. ಓಣಿಯ ಸಭೆ ಕೂಡಿಸಬಾರದು. ಭೇದಿಯಲ್ಲಿ ತಾಯಿಯ ಹಾಲನ್ನು ನಿಲ್ಲಿಸಬಾರದು. ಪೊಟ್ಟಣದ ನೀರನ್ನು ಚಮಚ ಚಮಚವಾಗಿ ಕೊಡಬೇಕು. ಜೊತೆಗೆ ಸತುವಿನ ಗುಳಿಗೆಯನ್ನು ವೈದ್ಯರು ಹೇಳಿದಷ್ಟು ದಿವಸ, ಅಂದರೆ ಹತ್ತರಿಂದ ಹದಿನಾಲ್ಕು ದಿವಸ, ಮುಗಿಸಬೇಕು. ಪೊಟ್ಟಣವು ಆಶಾ ಕಾರ್ಯಕರ್ತೆಯ ಚೀಲದಲ್ಲಿಯೇ ಇರುವದು. ಹೆರಿಗೆಯ ಮನೆಗೆ ಅವಳು 42 ದಿವಸಗಳೊಳಗೆ ಆರು ಸಲ ಬರುವಳು. ಅವಳನ್ನು ಬಾಗಿಲಲ್ಲಿಯೇ ಮಾತಾಡಿಸಿ ಕಳಿಸದೆ ತೊಟ್ಟಿಲ ಹತ್ತಿರ ಕೂಡ್ರಿಸಬೇಕು. ಕೂಸುಗಳ ಭೇದಿಗೆ ದೊಡ್ಡ ಕಾರಣವಾದ ರೋಟಾ ವಿಷಾಣುವಿಗೆ ಈಗ ಬಾಯಿಯಲ್ಲಿ ಹಾಕುವ ಲಸಿಕೆಯಿದೆ. 2016ರಿಂದ ಅದು ಸರಕಾರದ ಲಸಿಕಾ ಕಾರ್ಯಕ್ರಮದಲ್ಲಿ ಸೇರಿ, 6, 10 ಮತ್ತು 14ನೆಯ ವಾರಗಳಿಗೆ ಪುಕ್ಕಟೆಯಾಗಿ ದೊರೆಯುವದು.

ಮೊಮ್ಮಗನು ಮುಂದಿನ ಒಂದೂವರೆ ತಿಂಗಳು ಸಂಜೆಗೆ ಅತ್ತನು. ನಾವು ಸರದಿಯ ಮೇಲೆ ಹೊತ್ತು ತಿರುಗಿದೆವು. ಮಗಳಿಗೆ ಏಳರಿಂದ ಒಂಬತ್ತರ ವರೆಗೆ ನಿದ್ರೆಯೆಂದು ನಿರ್ಣಯಿಸಿದೆವು. ಆ ಹೊತ್ತು ನನ್ನದು. ಪಡಸಾಲೆಯ ಈ ತುದಿಯಿಂದ ಆ ತುದಿಗೆ ಹದಿನೆಂಟು ಹೆಜ್ಜೆ. ನಡೆಯುತ್ತ ನಾನು ಅಮರಕೋಶವನ್ನು ಹೇಳುತ್ತಿದ್ದೆನು. ಮೊದಲನೆಯ ಕಾಂಡವು ಮುಗಿಯುವದರೊಳಗೆ ಒಮ್ಮೊಮ್ಮೆ ಸುಮ್ಮನಾಗುವನು, ಒಮ್ಮೊಮ್ಮೆ ಎರಡನೆಯ ಕಾಂಡಕ್ಕೂ ಒಲಿಯನು. ಮೂರು ತಿಂಗಳು ತುಂಬಿದ ವಾರದಲ್ಲಿ ಒಂದು ಸಂಜೆ ದೀಪ ಹಚ್ಚಿದೆವು, ಅಳು ಬರಲಿಲ್ಲ. ಎಲ್ಲರೂ ಒಬ್ಬರ ಮೋರೆಯನ್ನೊಬ್ಬರು ನೋಡುತ್ತ ಬಹಳ ಹೊತ್ತು ಕುಳಿತೆವು.

ಆ ಸಾಣೆಕಲ್ಲು ಈಗ ದೇವರ ಕೋಣೆಯಲ್ಲಿದೆ. ಮನೆಯಾಕೆಯು ದಿನಾಲು ಅದರ ಮೇಲೆ ಗಂಧ ತೇಯುವಳು. ಕೂಸಿಗೆ ಒಲ್ಲದ್ದು ದೇವರಿಗೆ ಸಂದಿತೆಂದು ಅವಳಿಗೆ ಸಮಾಧಾನ. ಮೊಮ್ಮಗನು ಈಗ ಅಂಬೆಗಾಲಿಡುವನು. ಬೇಸಿಗೆಯಲ್ಲಿ ನಾನು ಬರಿಮೈಯಲ್ಲಿ ಕುಳಿತಿರುವಾಗ ಬಂದು, ನನ್ನ ಹೊಟ್ಟೆಯ ಮೇಲಿನ ಆ ನಾಲ್ಕು ಕಲೆಗಳನ್ನು ಬೆರಳಿನಿಂದ ಒತ್ತಿ ನೋಡುವನು. ಅವನ ಹೊಟ್ಟೆಯ ಮೇಲೆ ಅಂಥವಿಲ್ಲ. ನಮ್ಮ ಮನೆಯ ಮೂರು ತಲೆಮಾರಿನ ವಿದ್ಯೆಯ ಫಲವನ್ನು ಯಾರಾದರೂ ಕೇಳಿದರೆ ಇಷ್ಟನ್ನು ನಾನು ಧೈರ್ಯದಿಂದ ತೋರಿಸಬಲ್ಲೆನು. ಸುಜ್ಞ ವಾಚಕರು ತಮ್ಮ ಮನೆಯ ಕೂಸನ್ನು, ಮದ್ದಿಗೆ ಕೈಚಾಚುವ ಮೊದಲು, ಒಂದು ಗಳಿಗೆ ನೋಡಬೇಕೆಂದು ಬೇಡಿಕೊಂಡು ಈ ಲೇಖನವನ್ನು ಮುಗಿಸುವೆನು.